ಗೋಣಿಚೀಲ, ರಟ್ಟು, ಹಳೆಯ ಕೌದಿ: ಬಿಲ್ಲುಗಾರಿಕೆಗೆ ಮನೆಯಲ್ಲೇ ಗುರಿ ಮತ್ತು ತಡೆ

ಬಿಲ್ಲುಗಾರಿಕೆ ಕಲಿಯಲು ಹೊರಟವರು ಬಿಲ್ಲು, ಬಾಣಗಳಿಗೆ ಹೇಗೋ ಹಣ ಹೊಂದಿಸುತ್ತಾರೆ. ಗುರಿಯ ಮಾತು ಬಂದಾಗ ಮಾತ್ರ ಕೈ ಹಿಂದಾಗುತ್ತದೆ. ಅಂಗಡಿಯ ಫೋಮ್ ಗುರಿಯ ಬೆಲೆ ಕೇಳಿ ಮರಳಿದ ಎಷ್ಟೋ ಮಂದಿ ಹಿತ್ತಲಲ್ಲಿ ಮರದ ಹಲಗೆಯೊಂದನ್ನು ಗೋಡೆಗೆ ಒರಗಿಸಿ ಅಭ್ಯಾಸ ಆರಂಭಿಸುತ್ತಾರೆ. ಎರಡು ದಿನ ಕಳೆಯುವಷ್ಟರಲ್ಲಿ ಮೊನೆ ಹಲಗೆಯೊಳಗೇ ಉಳಿದು ಬರಿಯ ಕಡ್ಡಿ ಕೈಗೆ ಬರುತ್ತದೆ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಸೀಮೆಯಲ್ಲಿ ಗುರಿಗೆ ಮತ್ತು ತಪ್ಪಿದ ಬಾಣವನ್ನು ಹಿಡಿಯುವ ತಡೆಗೆ ಬೇಕಾದ ವಸ್ತುಗಳೆಲ್ಲ ಮನೆಯ ಅಟ್ಟದಲ್ಲಿ, ಗುಜರಿ ಅಂಗಡಿಯಲ್ಲಿ, ಹೊಲದ ಬಣವೆಯಲ್ಲಿ ಸಿಗುತ್ತವೆ. ಅವುಗಳನ್ನು ಜೋಡಿಸುವ ಕ್ರಮವನ್ನಷ್ಟೇ ತಿಳಿದಿರಬೇಕು.

ಬಾಣ ನಿಲ್ಲುವುದು ಹೇಗೆ ಎಂಬುದನ್ನು ಮೊದಲು ನೋಡೋಣ. ಪೂರ್ತಿ ಎಳೆಯಲು 28 ಪೌಂಡ್ ಬಲ ಬೇಕಾಗುವ ಕಲಿಕೆಯ ಬಿಲ್ಲಿನಿಂದ ಹೊರಟ 20 ಗ್ರಾಂ ತೂಕದ ಬಾಣವು ಸೆಕೆಂಡಿಗೆ ಸುಮಾರು 50 ಮೀಟರ್ ವೇಗದಲ್ಲಿ ಬಂದರೆ ಅದರ ಶಕ್ತಿ 25 ಜೂಲ್ ಆಗುತ್ತದೆ. 5 ಕಿಲೋ ಜೋಳದ ಚೀಲ ಅರ್ಧ ಮೀಟರ್ ಎತ್ತರದಿಂದ ಬಿದ್ದರೆ ಉಂಟಾಗುವ ಪೆಟ್ಟೂ ಇಷ್ಟೇ. ಆದರೆ ಬಾಣದಲ್ಲಿ ಆ ಪೆಟ್ಟೆಲ್ಲವೂ ಕಡಲೆಕಾಳಿಗಿಂತ ದಪ್ಪವಿಲ್ಲದ ಮೊನೆಯ ಮೇಲೆ ಬೀಳುವುದರಿಂದ ತೆಳುವಾದ ಹಲಗೆ, ತಗಡುಗಳನ್ನು ಅದು ಸುಲಭವಾಗಿ ತೂರುತ್ತದೆ. ಕಡ್ಡಿಯ ಮೈಯನ್ನು ಸುತ್ತಲಿಂದ ಹಿಡಿದು ಉಜ್ಜುವ ವಸ್ತು ಬಾಣವನ್ನು ಕ್ಷೇಮವಾಗಿ ನಿಲ್ಲಿಸುತ್ತದೆ; ಎದುರಿಗೆ ಗಟ್ಟಿಯಾಗಿ ನಿಂತ ವಸ್ತು ಅದನ್ನು ಮುರಿಯುತ್ತದೆ, ಇಲ್ಲವೇ ಹಿಂದಕ್ಕೆ ಚಿಮ್ಮಿಸುತ್ತದೆ. ತುದಿಗಳಲ್ಲಿ ಗಾಲಿಗಳಿರುವ ಕಾಂಪೌಂಡ್ ಬಿಲ್ಲಿನ ಬಾಣದಲ್ಲಿ ಈ ಶಕ್ತಿ ಮೂರು ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಇರುವುದರಿಂದ ಮುಂದೆ ಹೇಳುವ ದಪ್ಪಗಳನ್ನು ಅಂಥವರು ಒಂದೂವರೆ ಪಟ್ಟು ಹೆಚ್ಚಿಸಿಕೊಳ್ಳಬೇಕು. ಎಲ್ಲ ಗುರಿಗಳೂ ದುಂಡು ಮೊನೆಯ ಅಭ್ಯಾಸದ ಬಾಣಗಳಿಗಾಗಿ ಮಾತ್ರ. ಅಲಗುಳ್ಳ ಮೊನೆ ಒಂದೇ ದಿನದಲ್ಲಿ ಇವನ್ನು ಸೀಳಿಹಾಕುತ್ತದೆ.

ಅತ್ಯಂತ ಅಗ್ಗದ ಗುರಿ ಹಳೆಯ ಬಟ್ಟೆ ತುಂಬಿದ ಚೀಲ. 45 ಕಿಲೋ ಯೂರಿಯಾದ ಖಾಲಿ ಚೀಲವೊಂದನ್ನು ತೊಳೆದು ಒಣಗಿಸಿ, ಅದರಲ್ಲಿ ಹರಿದ ಸೀರೆ, ಧೋತರ, ಅಂಗಿ ಮತ್ತು ದರ್ಜಿ ಅಂಗಡಿಯ ತುಂಡುಬಟ್ಟೆಗಳನ್ನು ತುಂಬಬೇಕು. ತುಂಬುವ ಮುನ್ನ ಗುಂಡಿ, ಜಿಪ್, ಹುಕ್ಕು, ಸೊಂಟಪಟ್ಟಿಯ ಕೊಂಡಿ ಇವುಗಳನ್ನೆಲ್ಲ ಕತ್ತರಿಸಿ ತೆಗೆಯಬೇಕು. ನನ್ನ ಮೊದಲನೆಯ ಚೀಲದಲ್ಲಿ ಹಳೆಯ ಪ್ಯಾಂಟಿನ ಜಿಪ್ ಒಂದು ಉಳಿದುಹೋಗಿತ್ತು. ಅದಕ್ಕೆ ತಾಗಿದ ಬಾಣದ ತುದಿ ಸೀಳಿದ್ದು ಕಣ್ಣಿಗೆ ಕಾಣಿಸಲೇ ಇಲ್ಲ, ಬಾಣವನ್ನು ಬಗ್ಗಿಸಿ ನೋಡಿದಾಗಲಷ್ಟೇ ಚಟ್ ಎಂದಿತು. ಬಟ್ಟೆಯನ್ನು ಉಂಡೆ ಮಾಡಿ ಎಸೆಯದೆ, ಮಡಿಸಿ ಪದರ ಪದರವಾಗಿ ಇಟ್ಟು, ನಾಲ್ಕು ಬೆರಳು ತುಂಬಿದಂತೆಲ್ಲ ಚೀಲದೊಳಗೆ ಕಾಲಿಟ್ಟು ತುಳಿಯಬೇಕು. ಇಪ್ಪತ್ತೈದು ಮೂವತ್ತು ಕಿಲೋ ಬಟ್ಟೆ ಹಿಡಿಸುತ್ತದೆ ಎಂದರೆ ಮೊದಲ ಬಾರಿ ಮಾಡುವವರಿಗೆ ಅಚ್ಚರಿಯಾಗುತ್ತದೆ. ಹೆಬ್ಬೆರಳಿನಿಂದ ಒತ್ತಿದಾಗ ಚೀಲ ಒಳಕ್ಕೆ ಹೋಗದಷ್ಟು ಬಿಗಿಯಾದ ಮೇಲೆ ಬಾಯಿಯನ್ನು ದಬ್ಬಣ ಮತ್ತು ಸುತಳಿಯಿಂದ ಹೊಲಿಯಬೇಕು. ಈ ಹೊಲಿಗೆಯನ್ನು ಮಾರುಕಟ್ಟೆಯ ಹಮಾಲರು ಹಾಕಿದಷ್ಟು ಚೆನ್ನಾಗಿ ಬೇರೆ ಯಾರೂ ಹಾಕಲಾರರು, ಸಾಧ್ಯವಾದರೆ ಅವರಿಂದಲೇ ಒಮ್ಮೆ ಕಲಿತುಕೊಳ್ಳಿ.

ಪ್ಲಾಸ್ಟಿಕ್ ನೂಲಿನ ಚೀಲ ನಮ್ಮ ಕಡೆಯ ಬೇಸಿಗೆಯ ಬಿಸಿಲಿಗೆ ಕೆಲವೇ ತಿಂಗಳಲ್ಲಿ ಪುಡಿಪುಡಿಯಾಗುತ್ತದೆ. ಆದುದರಿಂದ ಅದರ ಮೇಲೆ ಗೋಣಿಚೀಲವೊಂದನ್ನು ಅಂಗಿಯಂತೆ ತೊಡಿಸುವುದು ಒಳ್ಳೆಯದು; ಹೊರಗಿನ ಗೋಣಿ ಹರಿದಾಗ ಅದನ್ನಷ್ಟೇ ಬದಲಾಯಿಸಿದರೆ ಸಾಕು. ಅಮರಗೋಳದ ಎಪಿಎಂಸಿ ಸುತ್ತಮುತ್ತ ಹಳೆಯ ಗೋಣಿಗೆ ಕೊರತೆಯಿಲ್ಲ. ಆದರೆ ಬ್ಯಾಡಗಿಯ ಮೆಣಸಿನಕಾಯಿ ತುಂಬಿದ್ದ ಚೀಲವನ್ನು ಝಾಡಿಸದೆ, ತೊಳೆಯದೆ ಬಳಸಬಾರದು. ಬಾಣ ನಾಟಿದಾಗಲೆಲ್ಲ ಏಳುವ ಘಾಟಿಗೆ ಕಣ್ಣು ಉರಿದು ಮುಂದಿನ ಬಾಣ ಎಲ್ಲಿಗೆ ಹೋಗುತ್ತದೆಂದು ಹೇಳಲಾಗದು. ಚೀಲಕ್ಕೆ ಮರಳು ತುಂಬುವ ಯೋಚನೆ ಕೆಲವರಿಗೆ ಬರುತ್ತದೆ; ಅದು ಬಾಣಕ್ಕೆ ಗೋಡೆಯಿದ್ದಂತೆ. ಹೊಟ್ಟು ತುಂಬಿದರೆ ತೂತುಗಳಿಂದ ಸೋರಿಹೋಗುತ್ತದೆ, ಉಳಿದದ್ದಕ್ಕೆ ಇಲಿ ಬರುತ್ತದೆ.

ಗುರಿ ದೀರ್ಘಕಾಲ ಬಾಳಬೇಕು, ಬಾಣ ಸುಲಭವಾಗಿ ಕೀಳಲು ಬರಬೇಕು ಎನ್ನುವವರಿಗೆ ರಟ್ಟಿನ ಗುರಿ ಮೇಲು. ಫ್ರಿಜ್, ಟಿವಿ ಬಂದ ದೊಡ್ಡ ರಟ್ಟಿನ ಪೆಟ್ಟಿಗೆಗಳು ಗುಜರಿಯಲ್ಲಿ ಕಿಲೋ ಲೆಕ್ಕಕ್ಕೆ ಸಿಗುತ್ತವೆ. ಅವುಗಳ ಪಿನ್ನುಗಳನ್ನೆಲ್ಲ ಕಿತ್ತು, 80 ಸೆಂ.ಮೀ. ಉದ್ದ, 35 ಸೆಂ.ಮೀ. ಅಗಲದ ಪಟ್ಟಿಗಳನ್ನಾಗಿ ಕತ್ತರಿಸಬೇಕು. ರಟ್ಟಿನ ಒಳಗಿನ ಅಲೆಗಳು ಪಟ್ಟಿಯ ಉದ್ದಕ್ಕೆ ಸಾಗುವಂತೆ ನೋಡಿಕೊಳ್ಳಬೇಕು. ಅವು ಬಾಣ ಬರುವ ದಿಕ್ಕಿಗೆ ಬಾಯಿ ತೆರೆದಿದ್ದರೆ ಬಾಣಕ್ಕೆ ದಾರಿ ಮಾಡಿಕೊಟ್ಟಂತಾಗುತ್ತದೆ. ಪಟ್ಟಿಗಳನ್ನು ರೊಟ್ಟಿ ಒಟ್ಟಿದಂತೆ ಒಂದರ ಮೇಲೊಂದು ಮಲಗಿಸಿ, ಅಂಚುಗಳು ಬಿಲ್ಲುಗಾರನತ್ತ ಮುಖ ಮಾಡುವಂತೆ 80 ಸೆಂ.ಮೀ. ಎತ್ತರ ಕಟ್ಟಬೇಕು. 3 ಮಿ.ಮೀ. ರಟ್ಟಾದರೆ ಬಿಗಿದ ಮೇಲೆ ಈ ಎತ್ತರ ಬರಲು ಮುನ್ನೂರರ ಹತ್ತಿರ ಪಟ್ಟಿಗಳು ಬೇಕು. ಒಟ್ಟು ತೂಕ 40 ಕಿಲೋ ಆಸುಪಾಸು ಆಗುತ್ತದೆ. ರಟ್ಟಿನ ಹಾಳೆಯ ಮುಖವನ್ನೇ ಬಾಣಕ್ಕೆ ಒಡ್ಡಿ ನಿಲ್ಲಿಸುವುದು ಸಾಮಾನ್ಯವಾಗಿ ಆಗುವ ತಪ್ಪು. ಹಾಗೆ ನಿಲ್ಲಿಸಿದರೆ ಪ್ರತಿಯೊಂದು ಬಾಣವೂ ಹಾಳೆಯಲ್ಲಿ ತೂತು ಕೊರೆಯುತ್ತದೆ. ಅಂಚಿನಿಂದ ಬಂದ ಬಾಣ ಎರಡು ಪದರಗಳ ನಡುವೆ ನುಸುಳುತ್ತದೆ, ಕಿತ್ತ ಮೇಲೆ ಆ ಪದರಗಳು ಮತ್ತೆ ಕೂಡಿಕೊಳ್ಳುತ್ತವೆ.

ಒಟ್ಟಿನ ಕೆಳಗೂ ಮೇಲೂ ಗಟ್ಟಿ ಹಲಗೆ ಇಟ್ಟು, ಲಾರಿಗಳಲ್ಲಿ ಸಾಮಾನು ಬಿಗಿಯುವ ಎರಡು ಪಟ್ಟಾಗಳನ್ನು ಎಡ ಬಲದ ಅಂಚಿನಲ್ಲಿ ಸುತ್ತಿ ಎಳೆಯಬೇಕು. ಪಟ್ಟಾ ಸಿಗದಿದ್ದರೆ ಉದ್ದಕ್ಕೂ ತಿರುಪಿನ ಗೆರೆ ಇರುವ ಕಬ್ಬಿಣದ ಸಲಾಕೆಗಳನ್ನು ಹಲಗೆಯ ನಾಲ್ಕು ಮೂಲೆಗಳಲ್ಲಿ ತೂರಿಸಿ ನಟ್ಟು ಬಿಗಿಯಬಹುದು. ಆದರೆ ಮುಂದಿನ ಎರಡು ಸಲಾಕೆಗಳ ಮೇಲೆ ರಬ್ಬರ್ ಟ್ಯೂಬು ಸುತ್ತುವುದನ್ನು ಮರೆಯಬಾರದು. ರಟ್ಟು ಎರಡು ದಿನದಲ್ಲಿ ತಗ್ಗುತ್ತದೆ, ಆಗ ಮತ್ತೊಮ್ಮೆ ಬಿಗಿಯಬೇಕು. 5 ಮೀಟರ್ ದೂರದಿಂದ ಒಂದು ಬಾಣ ಬಿಟ್ಟು ನೋಡಿ: ಬಾಣ ಅರ್ಧಕ್ಕಿಂತ ಹೆಚ್ಚು ಒಳಹೋದರೆ ಬಿಗಿ ಸಾಲದು, ಎರಡೂ ಕೈ ಹಾಕಿದರೂ ಕೀಳಲು ಬಾರದಿದ್ದರೆ ಬಿಗಿ ಹೆಚ್ಚಾಯಿತು. ಕೆಲವು ತಿಂಗಳಲ್ಲಿ ನಡುವಿನ ಪಟ್ಟಿಗಳು ಸವೆದಾಗ ಪಟ್ಟಾ ಸಡಿಲಿಸಿ, ಅವನ್ನು ತುದಿಗೆ ಸರಿಸಿ, ತುದಿಯವನ್ನು ನಡುವಿಗೆ ತಂದರೆ ಗುರಿ ಹೊಸದಾಗುತ್ತದೆ. ಅಂಗಡಿಯ ಎಷ್ಟೋ ಗುರಿಗಳಿಗೆ ಇಲ್ಲದ ಈ ಗುಣದಿಂದಲೇ ನಾನು ರಟ್ಟಿಗೆ ಮೊದಲ ಸ್ಥಾನ ಕೊಡುತ್ತೇನೆ.

ಹಾನಗಲ್ಲ ಕಡೆಯ ಭತ್ತದ ಹುಲ್ಲನ್ನು ಹಗ್ಗವಾಗಿ ಹೊಸೆದು, ಕೊಡದ ಸಿಂಬೆಯಂತೆ ಸುರುಳಿ ಸುತ್ತಿ, ದಬ್ಬಣದಿಂದ ಸುತ್ತು ಸುತ್ತಿಗೂ ಹೊಲಿದು ಗುರಿ ಮಾಡಬಹುದು. ಕೆಲಸ ಹೆಚ್ಚು, ಮಳೆಗೆ ಕೊಳೆಯುತ್ತದೆ, ಆದರೆ ನೋಡಲು ಅದರಷ್ಟು ಚೆಂದದ್ದು ಇನ್ನೊಂದಿಲ್ಲ. ಜೋಳದ ಕಣಿಕೆ ಈ ಕೆಲಸಕ್ಕೆ ಬಾರದು; ಅದರ ಗಟ್ಟಿ ಗೆಣ್ಣುಗಳು ಬಾಣವನ್ನು ಅಡ್ಡಡ್ಡ ತಿರುಗಿಸುತ್ತವೆ, ಮೇಲಾಗಿ ದನದ ಮೇವನ್ನು ಹೀಗೆ ಹಾಳು ಮಾಡುವುದನ್ನು ಮನೆಯ ಹಿರಿಯರು ಒಪ್ಪುವುದೂ ಇಲ್ಲ.

ಗುರಿಗಿಂತ ಹೆಚ್ಚಿನ ಎಚ್ಚರ ತಡೆಯ ವಿಷಯದಲ್ಲಿ ಬೇಕು, ಏಕೆಂದರೆ ತಡೆ ಇರುವುದು ತಪ್ಪಿದ ಬಾಣಕ್ಕಾಗಿ. ಮೇಲಕ್ಕೆ ಜಾರಿದ ಬಾಣ ಬಯಲಿನಲ್ಲಿ ನೂರೈವತ್ತು ಮೀಟರಿಗೂ ಆಚೆ ಹೋಗಿ ಬೀಳಬಲ್ಲದು. ನಮ್ಮ ಮನೆಗಳಲ್ಲಿ ಇದಕ್ಕೆ ಸಿದ್ಧವಾಗಿರುವ ವಸ್ತು ಹಳೆಯ ಕೌದಿ. ಸೀರೆ, ಧೋತರಗಳನ್ನು ಪದರವಾಗಿ ಹಾಸಿ ಒತ್ತೊತ್ತಾಗಿ ಹೊಲಿದ ಕೌದಿಯನ್ನು ಬಿದಿರಿನ ಗಳಕ್ಕೆ ಮೇಲಂಚಿನಲ್ಲಿ ಮಾತ್ರ ಕಟ್ಟಿ ಸಡಿಲವಾಗಿ ಇಳಿಬಿಡಬೇಕು. ಕೆಳಗಿನ ಒಂದು ಗೇಣು ನೆಲದ ಮೇಲೆ ಬಿದ್ದಿರಲಿ. ಬಾಣ ತಾಗಿದಾಗ ಕೌದಿ ಹಿಂದಕ್ಕೆ ತೂಗಿ ಅದರ ವೇಗವನ್ನು ನುಂಗುತ್ತದೆ. ನಾಲ್ಕೂ ಮೂಲೆ ಎಳೆದು ಕಟ್ಟಿದರೆ ಅದೇ ಕೌದಿಯನ್ನು ಬಾಣ ತೂರಿಕೊಂಡು ಹೋಗುತ್ತದೆ. ಒಂದು ಗೇಣು ಅಂತರದಲ್ಲಿ ಎರಡು ಕೌದಿ, ಅವುಗಳ ಹಿಂದೆ ಒಂದು ಮೀಟರ್ ಖಾಲಿ ಜಾಗ, ಅದರಾಚೆ ಕಲ್ಲಿನ ಇಲ್ಲವೇ ಇಟ್ಟಿಗೆಯ ಗೋಡೆ ಇದ್ದರೆ 10 ಮೀಟರ್ ದೂರದ ಅಭ್ಯಾಸಕ್ಕೆ ಸಾಕು. ತಡೆಯ ಅಗಲ 3 ಮೀಟರ್, ಎತ್ತರ ಎರಡೂವರೆ ಮೀಟರಿಗೆ ಕಡಿಮೆಯಾಗದಿರಲಿ. ಇದಕ್ಕಾಗಿ ಕೌದಿಗಳನ್ನು ಒಂದರ ಮೇಲೊಂದು ಗೇಣಗಲ ಬರುವಂತೆ ಪಕ್ಕಪಕ್ಕ ಕಟ್ಟಬೇಕಾಗುತ್ತದೆ. ಹಳೆಯ ಜಮಖಾನೆಯೂ ಆಗುತ್ತದೆ, ಆದರೆ ಅದು ನವಲಗುಂದದ ಕೈಮಗ್ಗದ್ದಾಗಿದ್ದರೆ ದಯವಿಟ್ಟು ಮಡಿಸಿ ಮತ್ತೆ ಪೆಟ್ಟಿಗೆಯಲ್ಲಿಡಿ. ಕ್ರಿಕೆಟ್ ಅಭ್ಯಾಸದ ಬಲೆ, ತಗಡು, ಬೇಲಿಯ ಗಿಡ ಇವು ಯಾವುವೂ ತಡೆಯಲ್ಲ.

ಹೊಲದಲ್ಲಿ ಅಭ್ಯಾಸ ಮಾಡುವವರು ಆಳೆತ್ತರಕ್ಕಿಂತ ಹೆಚ್ಚಿನ ಮಣ್ಣಿನ ಒಡ್ಡನ್ನು ತಡೆಯಾಗಿ ಬಳಸಬಹುದು. ಎರೆಮಣ್ಣು ಬೇಸಿಗೆಯಲ್ಲಿ ಕಲ್ಲಾಗುತ್ತದೆ, ಮಸಾರಿಯಲ್ಲಿ ಹರಳು ಹೆಚ್ಚು. ಎರಡಕ್ಕೂ ಮುಂಭಾಗದಲ್ಲಿ ಒಂದಡಿಯಷ್ಟು ಸಾಣಿಗೆ ಹಿಡಿದ ಸಡಿಲ ಮಣ್ಣು ಹಾಕಿ, ಆಗಾಗ ಗುದ್ದಲಿಯಿಂದ ಕೆದರಬೇಕು. ಸುಗ್ಗಿಯಾದ ಮೇಲೆ ಕುರಿಹಿಂಡುಗಳು ಹೊಲದಿಂದ ಹೊಲಕ್ಕೆ ಸಾಗುವ ಕಾಲದಲ್ಲಿ ಒಡ್ಡಿನ ಆಚೆ ಯಾರಿದ್ದಾರೆಂದು ಪ್ರತಿ ಸರದಿಗೂ ಮೊದಲು ಹೋಗಿ ನೋಡಿಬರಬೇಕು.

ಗುರಿಯನ್ನು ನಿಲ್ಲಿಸಲು ನೀಲಗಿರಿ ಗಳಗಳ ಮುಕ್ಕಾಲಿ ಸಾಕು. ಸ್ಪರ್ಧೆಯ ನಿಯಮದಂತೆ ಹೊರಾಂಗಣದಲ್ಲಿ ಗುರಿಯ ನಡುವು ನೆಲದಿಂದ 130 ಸೆಂ.ಮೀ. ಎತ್ತರದಲ್ಲಿರುತ್ತದೆ, ಗುರಿ 10ರಿಂದ 15 ಡಿಗ್ರಿ ಹಿಂದಕ್ಕೆ ಬಾಗಿರುತ್ತದೆ. ಅಂದರೆ ಒಂದು ಮೀಟರ್ ಎತ್ತರಕ್ಕೆ 18ರಿಂದ 27 ಸೆಂ.ಮೀ. ಹಿಂದೆ ಸರಿದಿರಬೇಕು. ಕಪ್ಪತಗುಡ್ಡದ ಸುತ್ತಲಿನವರಿಗೆ ಗಾಳಿಯ ಬಲವನ್ನು ಬಿಡಿಸಿ ಹೇಳಬೇಕಿಲ್ಲ. ಮುಕ್ಕಾಲಿಯನ್ನು ನೆಲಕ್ಕೆ ಗೂಟ ಹೊಡೆದು ಕಟ್ಟದಿದ್ದರೆ ಗುರಿಯೊಡನೆ ಅದರಲ್ಲಿ ನಾಟಿದ ಬಾಣಗಳೂ ಮುರಿಯುತ್ತವೆ.

ಗುರಿಯ ಮುಖವನ್ನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲೇ ಬರೆಯಬಹುದು. ದಾರದ ಒಂದು ತುದಿಗೆ ಮೊಳೆ, ಇನ್ನೊಂದಕ್ಕೆ ಪೆನ್ಸಿಲ್ ಕಟ್ಟಿ, 40 ಸೆಂ.ಮೀ. ಮುಖಕ್ಕಾದರೆ 2, 4, 6 ಎಂದು 20 ಸೆಂ.ಮೀ.ವರೆಗೆ ಹತ್ತು ವೃತ್ತಗಳನ್ನು ಎಳೆಯಬೇಕು. ನಡುವಿನಿಂದ ಎರಡೆರಡು ವೃತ್ತಗಳಿಗೆ ಹಳದಿ, ಕೆಂಪು, ನೀಲಿ, ಕಪ್ಪು, ಬಿಳಿ ಎಂಬುದು ಬಣ್ಣಗಳ ಕ್ರಮ. ಇದು 18 ಮೀಟರ್ ಒಳಾಂಗಣ ಸ್ಪರ್ಧೆಯ ಅಳತೆ; ಹೊಸಬರಿಗೆ ವೃತ್ತಗಳ ಅಂತರವನ್ನು 4 ಸೆಂ.ಮೀ. ಮಾಡಿ 80 ಸೆಂ.ಮೀ. ಮುಖ ಕೊಡುವುದು ಲೇಸು. ಮುಖವನ್ನು ಗುರಿಗೆ ಚುಚ್ಚಲು ಕಬ್ಬಿಣದ ಮೊಳೆ ಬೇಡ. ಒಣಗಿದ ಜಾಲಿಮುಳ್ಳು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಬಾಣ ತಾಗಿದರೆ ಮುಳ್ಳು ಮುರಿಯುತ್ತದೆ, ಮೊನೆಗೆ ಏನೂ ಆಗುವುದಿಲ್ಲ.

ಬಾಣ ಕೀಳುವಾಗ ಒಂದು ಅಂಗೈಯನ್ನು ಗುರಿಗೆ ಒತ್ತಿಹಿಡಿದು, ಇನ್ನೊಂದು ಕೈಯಿಂದ ಕಡ್ಡಿಯನ್ನು ಗುರಿಯ ಹತ್ತಿರವೇ ಹಿಡಿದು ನೇರವಾಗಿ ಎಳೆಯಬೇಕು. ಆಗ ಹಿಂದೆ ಯಾರೂ, ಮುಖ್ಯವಾಗಿ ಮಕ್ಕಳು, ನಿಂತಿರಬಾರದು; ತಟ್ಟನೆ ಬಿಡಿಸಿಕೊಂಡ ಬಾಣದ ಹಿಂತುದಿ ಕಣ್ಣಿಗೆ ಹೋಗಬಹುದು. ಬಿಗಿಯಾಗಿ ಸಿಕ್ಕುವ ಬಾಣಗಳ ಮುಂಭಾಗಕ್ಕೆ ಒಣ ಸಾಬೂನು ಸವರಿದರೆ ಸಲೀಸಾಗಿ ಬರುತ್ತವೆ. ಮೇ ತಿಂಗಳ ಅಡ್ಡಮಳೆಗೆ ಮುನ್ನವೇ ರಟ್ಟಿನ ಗುರಿಯನ್ನು ಪಡಸಾಲೆಗೆ ಒಯ್ದು, ಇಟ್ಟಿಗೆಯ ಮೇಲೆ ಎತ್ತರಿಸಿ ಇಡಬೇಕು. ಬಟ್ಟೆಯ ಚೀಲವನ್ನು ತಾಡಪತ್ರಿ ಹೊದಿಸಿ ಹೊರಗೇ ಬಿಡಬಹುದು, ಆದರೆ ಮಳೆಗಾಲ ಮುಗಿದ ಮೇಲೆ ಅದನ್ನು ಮೊದಲ ಬಾರಿ ಎತ್ತುವಾಗ ಕೋಲಿನಿಂದ ಉರುಳಿಸಿ, ಅಡಿಯಲ್ಲಿ ಚೇಳು ಹಾವುಗಳಿಲ್ಲವೆಂದು ಖಚಿತವಾದ ಮೇಲೆಯೇ ಕೈ ಹಾಕಬೇಕು.