ಎಥನಾಲ್‌ಗೆಂದೇ ಕಟ್ಟಿದ ಎಂಜಿನ್: ಗಡಹಿಂಗ್ಲಜದ ನನ್ನ ಅನುಭವ

ಪಂಪುಗಳಲ್ಲೆಲ್ಲ ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲು ಬಂದಂದಿನಿಂದ ಕೊಲ್ಹಾಪುರ ಜಿಲ್ಲೆಯ ಗಡಹಿಂಗ್ಲಜದ ನನ್ನ ಗ್ಯಾರೇಜಿಗೆ ಬರುವ ಗಿರಾಕಿಗಳು ಮೊದಲು ಹೇಳುವುದು ಮೈಲೇಜಿನ ಮಾತನ್ನೇ. ಅವರ ದೂರು ಸುಳ್ಳಲ್ಲ. ಒಂದು ಲೀಟರ್ ಎಥನಾಲಿನಲ್ಲಿರುವ ಶಕ್ತಿ ಪೆಟ್ರೋಲಿನದಕ್ಕಿಂತ ಮೂರನೆಯ ಒಂದು ಭಾಗದಷ್ಟು ಕಡಿಮೆ. ಆದ್ದರಿಂದ ಐದರಲ್ಲಿ ಒಂದು ಪಾಲು ಎಥನಾಲ್ ಸೇರಿದಾಗ ಇಂಧನದ ಶಕ್ತಿ ಶೇಕಡಾ 7ರ ಹತ್ತಿರ ಇಳಿಯುತ್ತದೆ. ಆದರೆ ಪೆಟ್ರೋಲಿಗಾಗಿ ಅಳೆದು ಮಾಡಿದ ಎಂಜಿನ್ನಿಗೆ ಎಥನಾಲ್ ಸುರಿದು, ಆಮೇಲೆ ಎಥನಾಲನ್ನೇ ದೂರುವುದು ನ್ಯಾಯವಲ್ಲವೆಂದು ನನಗೆ ಅನಿಸುತ್ತಿತ್ತು. ಅದನ್ನು ನನ್ನ ಕೈಯಾರೆ ಪರೀಕ್ಷಿಸಲು ಹಳೆಯ ಮಾರುತಿ ಎಸ್ಟೀಮ್ ಕಾರೊಂದನ್ನು ರೇಸ್ ಟ್ರ್ಯಾಕಿಗೆಂದೇ ತೆಗೆದಿರಿಸಿದೆ. ಅದನ್ನು ನಾವು ರಸ್ತೆಗೆ ಇಳಿಸುವುದಿಲ್ಲ, ಎಲ್ಲಿಗಾದರೂ ಟ್ರೇಲರ್ ಮೇಲೆಯೇ ಒಯ್ಯುತ್ತೇವೆ.

ಎಂಜಿನ್ನಿನ ಬಲವನ್ನು ನಿರ್ಧರಿಸುವುದು ಟ್ಯಾಂಕಿನಲ್ಲಿರುವ ಇಂಧನವಲ್ಲ, ಸಿಲಿಂಡರಿನೊಳಗೆ ಹೋಗುವ ಗಾಳಿ. ಒಂದು ಕಿಲೋ ಪೆಟ್ರೋಲು ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕು, ಎಥನಾಲಿಗೆ 9 ಕಿಲೋ ಸಾಕು. ಹೀಗಾಗಿ ಅದೇ ಗಾಳಿಗೆ ಹೆಚ್ಚು ಎಥನಾಲ್ ಹಾಕಬಹುದು, ಮತ್ತು ಹಾಗೆ ಹಾಕಿದಾಗ ಸಿಗುವ ಶಾಖ ಪೆಟ್ರೋಲಿನಷ್ಟೇ ಆಗುತ್ತದೆ. ಅಲ್ಲಿಂದ ಮುಂದಿನದೆಲ್ಲ ಲಾಭ. ಎಥನಾಲ್ ಆವಿಯಾಗುವಾಗ ಕಿಲೋ ಒಂದಕ್ಕೆ ಪೆಟ್ರೋಲು ಹೀರುವ ಶಾಖದ ಎರಡು ಪಟ್ಟಿಗಿಂತ ಹೆಚ್ಚನ್ನು ಹೀರಿಕೊಂಡು, ಒಳಬರುವ ಗಾಳಿಯನ್ನು ತಂಪುಮಾಡಿ ದಟ್ಟವಾಗಿಸುತ್ತದೆ. ಅದರ ಆಕ್ಟೇನ್ ಸಂಖ್ಯೆ 108ರ ಮೇಲಿದೆ, ಎಂದರೆ ಪೆಟ್ರೋಲು ನಾಕಿಂಗ್ ಮಾಡುವ, ಅಂದರೆ ತಾನಾಗಿಯೇ ಹೊತ್ತಿ ಸಿಡಿಯುವ, ಒತ್ತಡವನ್ನು ಅದು ಸುಲಭವಾಗಿ ತಡೆಯುತ್ತದೆ. ಈ ಎರಡು ಗುಣಗಳನ್ನು ಬಳಸಿಕೊಳ್ಳದ ಎಂಜಿನ್ನಿನಲ್ಲಿ ಉಳಿಯುವುದು ಮೈಲೇಜಿನ ನಷ್ಟ ಮಾತ್ರ.

ಮೊದಲ ಹಂತದಲ್ಲಿ ನಾನೂ ಆ ತಪ್ಪನ್ನೇ ಮಾಡಿದೆ. ಇಂಧನ ಚಿಮ್ಮಿಸುವ ದೊಡ್ಡ ಇಂಜೆಕ್ಟರ್, ಹೆಚ್ಚು ಹರಿವಿನ ಪಂಪು, ಹೊರಗಿನಿಂದ ತಂದ ಇಸಿಯು (ಎಂಜಿನ್ ನಿಯಂತ್ರಿಸುವ ಪುಟ್ಟ ಕಂಪ್ಯೂಟರ್), ಇಷ್ಟನ್ನೇ ಹಾಕಿ ಎಂಜಿನ್ನಿನ ಒಳಗನ್ನು ಇದ್ದಂತೆಯೇ ಬಿಟ್ಟೆ. ಕಾರು ಓಡಿತು, ಆದರೆ ಪೆಟ್ರೋಲಿಗಿಂತ ಒಂದೂವರೆ ಪಟ್ಟು ಇಂಧನ ಕುಡಿಯಿತು, ವೇಗದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೂ ಇರಲಿಲ್ಲ.

ಆಮೇಲೆ ಸಿಲಿಂಡರುಗಳ ಮೇಲೆ ಮುಚ್ಚಳದಂತಿರುವ ಹೆಡ್ ಬಿಚ್ಚಿದೆವು. ದಹನಕೋಣೆಯ ಮೇಲೆ ಗ್ರೀಸ್ ಸವರಿ, ನಡುವೆ ರಂಧ್ರವಿರುವ ಅಕ್ರಿಲಿಕ್ ಹಲಗೆಯನ್ನು ಒತ್ತಿ ಕೂರಿಸಿ, ಬ್ಯೂರೆಟ್ಟಿನಿಂದ ಹನಿಹನಿಯಾಗಿ ಎಣ್ಣೆ ಬಿಟ್ಟು, ಹಲಗೆಯ ಕೆಳಗಿನ ಕೊನೆಯ ಗಾಳಿಗುಳ್ಳೆ ಮರೆಯಾದಾಗ ಅಳತೆ ಓದುವುದು ತಾಳ್ಮೆಯ ಕೆಲಸ. ನಾಲ್ಕೂ ಕೋಣೆಗಳಿಗೆ ಒಂದಿಡೀ ದಿನ ಹಿಡಿಯಿತು. ಗ್ಯಾಸ್ಕೆಟ್ ಮತ್ತು ಪಿಸ್ಟನ್ ತಲೆಯ ಜಾಗವನ್ನೂ ಸೇರಿಸಿದಾಗ ಒಂದೊಂದು ಸಿಲಿಂಡರಿನಲ್ಲಿ ಒಟ್ಟು 38.6 ಸಿಸಿ ಬಂತು. ಎಂಜಿನ್ 1298 ಸಿಸಿಯದು, ಅಂದರೆ ಒಂದು ಸಿಲಿಂಡರಿಗೆ 324.5 ಸಿಸಿ, ಕಂಪ್ರೆಶನ್ (ಒಳಬಂದ ಗಾಳಿಯನ್ನು ಪಿಸ್ಟನ್ ಎಷ್ಟು ಪಟ್ಟು ಒತ್ತುತ್ತದೆಂಬ ಲೆಕ್ಕ) 9.4. ನನಗೆ ಬೇಕಾಗಿದ್ದದ್ದು 12.5. ಅದಕ್ಕೆ ಆ ಜಾಗ 28.2 ಸಿಸಿಗೆ ಇಳಿಯಬೇಕು, ಎಂದರೆ ಹತ್ತು ಸಿಸಿಗೂ ಹೆಚ್ಚು ಕಳೆಯಬೇಕು.

ಅಷ್ಟನ್ನೂ ಹೆಡ್ ಹೆರೆದೇ ತೆಗೆಯುವ ಹಟ ನನ್ನದಾಗಿತ್ತು. ಕೊಲ್ಹಾಪುರದ ಉದ್ಯಮನಗರದಲ್ಲಿ ಹೆಡ್ ಹೆರೆಯುವ ಹಿರಿಯರೊಬ್ಬರು ನಮ್ಮ ಕಡೆಯವರೇ, ಮನೆಮಾತು ಕನ್ನಡ. ಅವರು ಹೆಡ್ಡನ್ನು ಬೆಳಕಿಗೆ ಹಿಡಿದು ನೋಡಿ, "ತಮ್ಮಾ, ಎಲ್ಲಾ ಇದರಾಗ ತಗಿಬ್ಯಾಡ. ಒಂದು ಮಿಲಿಮೀಟರ್ ಸಾಕು, ಉಳಿದದ್ದು ಪಿಸ್ಟನ್‌ನಾಗ ತುಂಬಿಸು," ಎಂದರು. ಅವರ ಮಾತಿನಂತೆ ಹೆಡ್ಡಿನಿಂದ ಸುಮಾರು 3 ಸಿಸಿ ತೆಗೆಸಿ, ಉಳಿದ ಏಳು ಸಿಸಿಗಾಗಿ ತಲೆ ಉಬ್ಬಿದ, ಬಡಿದು ಗಟ್ಟಿಮಾಡಿದ ಫೋರ್ಜ್ ಪಿಸ್ಟನ್‌ಗಳನ್ನು ಮಾಡಿಸಿದೆ. ಪಿಸ್ಟನ್ ತಲೆಯ ಮೇಲೆ ಮಕ್ಕಳು ಆಡುವ ಮೆತ್ತನೆಯ ಮಣ್ಣನ್ನಿಟ್ಟು, ಎಂಜಿನ್ನನ್ನು ಕೈಯಿಂದ ಎರಡು ಸುತ್ತು ತಿರುಗಿಸಿ, ವಾಲ್ವ್ ಒತ್ತಿದ ಗುರುತಿನಲ್ಲಿ ಉಳಿದ ಮಣ್ಣಿನ ದಪ್ಪವನ್ನು ಅಳೆದ ಮೇಲೆಯೇ ಕಾಯಂ ಜೋಡಿಸಿದೆವು. ಹೆಡ್ ಕೆಳಗಿಳಿದಷ್ಟೂ ವಾಲ್ವ್ ತೆರೆಯುವ ಹೊತ್ತನ್ನು ಕಾಯುವ ಟೈಮಿಂಗ್ ಬೆಲ್ಟಿನ ಲೆಕ್ಕ ತಪ್ಪುವುದರಿಂದ ಹೊಂದಿಸಬಹುದಾದ ಕ್ಯಾಮ್ ಪುಲ್ಲಿಯೂ ಬೇಕಾಯಿತು.

ಇಂಧನದ ವಿಷಯದಲ್ಲಿ ನಮ್ಮ ಭಾಗ್ಯ ದೊಡ್ಡದು. 2024ರ ಮಾರ್ಚ್‌ನಲ್ಲಿ ಮಹಾರಾಷ್ಟ್ರ, ಕರ್ನಾಟಕ, ತಮಿಳುನಾಡು, ಉತ್ತರಪ್ರದೇಶ ಮತ್ತು ದೆಹಲಿಯ 183 ಪಂಪುಗಳಲ್ಲಿ ಎಥನಾಲ್ 100 ಮಾರಾಟ ಆರಂಭವಾಯಿತು. ಅದರಲ್ಲಿ ಶೇಕಡಾ 93ರಷ್ಟು ಎಥನಾಲ್, 5ರಷ್ಟು ಪೆಟ್ರೋಲು, ಉಳಿದದ್ದು ಎರಡನ್ನೂ ಬೆರೆಸಿ ಹಿಡಿದಿಡುವ ದ್ರಾವಕ. ಕಾರನ್ನೇ ಟ್ರೇಲರ್ ಮೇಲೆ ಒಯ್ದು ಟ್ಯಾಂಕ್ ತುಂಬಿಸಿಕೊಂಡು ಬರುತ್ತೇವೆ.

ನನಗೆ ಪೆಟ್ಟು ಕೊಟ್ಟದ್ದು ಆ ಟ್ಯಾಂಕು. ಇಪ್ಪತ್ತು ವರ್ಷ ಪೆಟ್ರೋಲು ಕುಡಿದ ಟ್ಯಾಂಕನ್ನು ಬರೀ ತೊಳೆದು ಬಳಸಿದ್ದೆ. ಎಥನಾಲ್ ಒಳ್ಳೆಯ ದ್ರಾವಕ, ಗೋಡೆಗೆ ಅಂಟಿದ ಹಳೆಯ ಜಿಗುಟನ್ನೆಲ್ಲ ಅದು ಬಿಡಿಸಿ ತಂದಿತು. ಮೂರನೆಯ ಸುತ್ತಿನಲ್ಲಿ ಉದ್ದನೆಯ ನೇರದಾರಿಯ ಕೊನೆಗೆ ಎಂಜಿನ್ ಉಸಿರು ಕಟ್ಟಿದಂತೆ ತಡವರಿಸಿತು, ನಾನು ಆಕ್ಸಿಲರೇಟರಿನಿಂದ ಕಾಲು ತೆಗೆದದ್ದರಿಂದ, ಇಂಧನ ಸಾಲದೆ ಬಿಸಿಯೇರಿ ಹಾಳಾಗಬಹುದಿದ್ದ ಪಿಸ್ಟನ್‌ಗಳು ಉಳಿದವು. ಫಿಲ್ಟರನ್ನು ಗರಗಸದಿಂದ ಸೀಳಿ ನೋಡಿದಾಗ ಒಳಗಿನ ಕಾಗದದ ಮಡಿಕೆಗಳ ನಡುವೆ ಕಾಕಂಬಿಯಂಥ ಕಂದು ಕೆಸರು ತುಂಬಿತ್ತು. ಆ ಮೇಲೆ ಟ್ಯಾಂಕನ್ನೇ ಬದಲಿಸಿದೆ, ಹಳೆಯ ರಬ್ಬರ್ ಪೈಪುಗಳನ್ನು ಕಿತ್ತು ಟೆಫ್ಲಾನ್ ಒಳಪದರದವನ್ನು ಹಾಕಿದೆ, ಸೀಲುಗಳನ್ನು ಎಥನಾಲ್ ತಾಳುವ ವೈಟಾನ್ ರಬ್ಬರಿನವಾಗಿ ಮಾಡಿದೆ. ಎಥನಾಲ್ ಗಾಳಿಯ ತೇವವನ್ನು ಹೀರುವುದರಿಂದ ಮಳೆಗಾಲದಲ್ಲಿ ಟ್ಯಾಂಕನ್ನು ಬರಿದುಮಾಡಿಯೇ ಕಾರನ್ನು ನಿಲ್ಲಿಸುತ್ತೇವೆ.

ಡಿಸೆಂಬರಿನ ನಸುಕಿನಲ್ಲಿ ನಮ್ಮಲ್ಲಿ ಚಳಿ 13–14 ಡಿಗ್ರಿಗೆ ಇಳಿಯುವುದುಂಟು, ಎಥನಾಲ್ ಕಿಡಿ ಹತ್ತಿಕೊಳ್ಳುವಷ್ಟು ಆವಿ ಕೊಡುವುದೂ ಸುಮಾರು 13 ಡಿಗ್ರಿಯ ಮೇಲೆಯೇ. ಬ್ರೆಜಿಲ್‌ನವರು ಈ ತೊಂದರೆಯನ್ನು ಎಂದೋ ಕಂಡವರು. 1975ರಲ್ಲಿ ಅವರು ಆಲ್ಕೋಹಾಲ್ ಇಂಧನದ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿದರು, 1979ರಲ್ಲಿ ಅಲ್ಲಿ ಎಥನಾಲಿನಿಂದಲೇ ಓಡುವ ಫಿಯಾಟ್ 147 ಮಾರಾಟಕ್ಕೆ ಬಂತು. ಅಲ್ಲಿನ ಕಾರುಗಳಲ್ಲಿ ಚಳಿಗೆ ಚಾಲೂ ಮಾಡಲೆಂದೇ ಪುಟ್ಟ ಪೆಟ್ರೋಲ್ ಡಬ್ಬಿ ಇರುತ್ತಿತ್ತು. ನಾನೂ ಒಂದು ಲೀಟರಿನ ಡಬ್ಬಿಯನ್ನೂ ಒಂದು ಪ್ರತ್ಯೇಕ ಇಂಜೆಕ್ಟರನ್ನೂ ಕೂರಿಸಿದೆ, ಈಗ ಎರಡನೆಯ ಸುತ್ತಿಗೇ ಎಂಜಿನ್ ಹಿಡಿಯುತ್ತದೆ.

ಫಲ ಹೀಗಿದೆ. ಇದೇ ಕಂಪ್ರೆಶನ್‌ನಲ್ಲಿ ಪೆಟ್ರೋಲು ಹಾಕಿ ನೋಡಿದಾಗ ಪೂರ್ತಿ ಥ್ರಾಟಲಿನಲ್ಲಿ ಕಿಡಿಯ ಟೈಮಿಂಗ್ (ಪಿಸ್ಟನ್ ಮೇಲಕ್ಕೆ ಮುಟ್ಟುವ ಎಷ್ಟು ಡಿಗ್ರಿ ಮೊದಲು ಕಿಡಿ ಹಾರುತ್ತದೆಂಬುದು) 20 ಡಿಗ್ರಿ ದಾಟುವ ಮೊದಲೇ ನಾಕಿಂಗ್ ಶುರುವಾಯಿತು, ಎಥನಾಲಿನಲ್ಲಿ 30ರವರೆಗೂ ಎಂಜಿನ್ ನಿಶ್ಚಿಂತೆಯಿಂದ ತಿರುಗಿತು. ಬಲ ಅಳೆಯುವ ಯಂತ್ರವಾದ ಡೈನೋ ಮೇಲೆ ಚಕ್ರಗಳಲ್ಲಿ ಮೊದಲು 72 ಇದ್ದ ಹಾರ್ಸ್‌ಪವರ್ 84ಕ್ಕೆ ಏರಿತು. ಇಂಧನದ ಖರ್ಚು ಒಂದೂವರೆ ಪಟ್ಟಿನಿಂದ 1.4 ಪಟ್ಟಿಗೆ ಇಳಿಯಿತು. ನಷ್ಟವೆಲ್ಲ ಮರಳಿ ಬಂತೆಂದು ಹೇಳಲಾರೆ, ಲೀಟರಿನಲ್ಲೇ ಇಲ್ಲದ ಶಕ್ತಿಯನ್ನು ಯಾವ ಪಿಸ್ಟನ್ನೂ ಹುಟ್ಟಿಸಲಾರದು. ಆದರೆ ಅದೇ 1.3 ಲೀಟರ್ ಎಂಜಿನ್ ಈಗ 1.5 ಲೀಟರಿನದರಂತೆ ಎಳೆಯುತ್ತದೆ, ನೀರಿನ ಬಿಸಿಯೂ ಮೊದಲಿಗಿಂತ ಕಡಿಮೆ ಇರುತ್ತದೆ.

ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಎಂಜಿನ್‌ಗಳಲ್ಲಿ ಈ ಲಾಭ ಇನ್ನೂ ದೊಡ್ಡದು. ಸ್ವೀಡನ್ನಿನ ಸಾಬ್ 9-5 ಬಯೋಪವರ್ ಕಾರು ಪೆಟ್ರೋಲಿನಲ್ಲಿ 150 ಹಾರ್ಸ್‌ಪವರ್ ಕೊಟ್ಟರೆ ಶೇಕಡಾ 85 ಎಥನಾಲಿನಲ್ಲಿ 180 ಕೊಡುತ್ತಿತ್ತು. ಅದೇ ದೇಶದ ಅತಿವೇಗದ ಕಾರು ಕೋನಿಗ್‌ಸೆಗ್ ಜೆಸ್ಕೊದಲ್ಲಿ ಅದು 1,280ರಿಂದ 1,600ಕ್ಕೆ ಏರುತ್ತದೆ. ಅಮೆರಿಕದ ಇಂಡಿಕಾರ್ ರೇಸುಗಳು 2007ರಿಂದಲೂ ಎಥನಾಲನ್ನು ನೆಚ್ಚಿಕೊಂಡಿವೆ. ಆದರೂ ಮಾರುಕಟ್ಟೆಯ ಫ್ಲೆಕ್ಸ್ ಕಾರು, ಎಂದರೆ ಎರಡೂ ಇಂಧನಕ್ಕೆ ಒಗ್ಗುವ ಕಾರು, ಪೆಟ್ರೋಲಿನಲ್ಲೂ ಓಡಲೇಬೇಕಾದ್ದರಿಂದ ಅದರ ಕಂಪ್ರೆಶನ್ ಪೆಟ್ರೋಲಿನ ಮಿತಿಯಲ್ಲೇ ನಿಲ್ಲುತ್ತದೆ. ಎಥನಾಲಿಗೆಂದೇ ಹುಟ್ಟಿದ ಎಂಜಿನ್ ಬೇಕೆಂದರೆ ಅದನ್ನು ಮೊದಲು ಮಾಡಬೇಕಾದವರು ವೇಗದ ಕಾರು ಕಟ್ಟುವವರು, ಏಕೆಂದರೆ ಅದರ ಗಿರಾಕಿ ಮೊದಲು ಕೇಳುವುದು ಬಲವನ್ನು, ಲೀಟರಿನ ಲೆಕ್ಕ ಅವನಿಗೆ ಆಮೇಲಿನದು.

ಕಬ್ಬಿಗೆ ನೀರು ಬಹಳ ಬೇಕೆಂಬ ಮಾತನ್ನು ಹಿರಣ್ಯಕೇಶಿಯ ದಡದಲ್ಲಿ ಕೂತ ನಾನು ಅಲ್ಲಗಳೆಯಲಾರೆ. ನಮ್ಮ ಮನೆಯ ಗದ್ದೆಯಲ್ಲೂ ಕಬ್ಬೇ ಇದೆ. ಕಾಕಂಬಿಯಿಂದಲೂ ಮೆಕ್ಕೆಜೋಳದಿಂದಲೂ ಎಥನಾಲ್ ಬರುತ್ತಿರುವುದು ಒಳ್ಳೆಯದೇ. ಅಷ್ಟು ನೀರು ಕುಡಿದು ಬಂದ ಇಂಧನವನ್ನು ಅದರ ಗುಣ ಬಳಸದ ಎಂಜಿನ್ನಿನಲ್ಲಿ ಸುಡುವುದು ನನಗೆ ಸರಿಕಾಣುವುದಿಲ್ಲ.

ಈ ಮಳೆಗಾಲದಲ್ಲಿ ಎರಡನೆಯ ಎಂಜಿನ್ ಬಿಚ್ಚಿದ್ದೇವೆ. ಇದಕ್ಕೆ ಕಂಪ್ರೆಶನ್ 11ಕ್ಕೆ ನಿಲ್ಲಿಸಿ ಸಣ್ಣ ಟರ್ಬೊ ಕೂರಿಸುವ ಯೋಚನೆಯಿದೆ. ಹೆಡ್ ಉದ್ಯಮನಗರಕ್ಕೆ ಹೋಗಿದೆ. ಈ ಸಲ ಎಷ್ಟು ಹೆರೆಯಬೇಕೆಂಬುದನ್ನು ನಾನು ಬರೆದುಕೊಟ್ಟಿಲ್ಲ, ಆ ಹಿರಿಯರಿಗೇ ಬಿಟ್ಟಿದ್ದೇನೆ.