ಮೂರೂವರೆ ಸಾವಿರದ ರೇಟು, ಅರವತ್ತು ಲಕ್ಷದ ಕಾರು: ನನ್ನ ಅನುಭವ

ಕಾಫಿ ರೇಟು ಐವತ್ತು ಕೆಜಿ ಮೂಟೆಗೆ ಹತ್ತು ಸಾವಿರ ದಾಟಿದ ವರ್ಷದಲ್ಲಿ ಕಾರು ತಗೊಳ್ಳೋಕೆ ಲೆಕ್ಕ ಹಾಕ್ತಾ ಕೂತ್ಕೋಬೇಕಾ ಅಂತ ಮೂಡಿಗೆರೆ ಕಡೆ ಯಾರಾದರೂ ನಗ್ತಾರೆ. ನನ್ನನ್ನ ನೋಡಿಯೂ ನಕ್ಕರು. ನಮ್ಮ ರಸ್ತೆಯಲ್ಲಿ ಒಂದರ ಹಿಂದೆ ಒಂದು ಹೊಸ ದೊಡ್ಡ ಗಾಡಿ ಬರ್ತಿದ್ದಾಗ ನಾನು ಹಳೇ ಬೊಲೆರೊದಲ್ಲೇ ಓಡಾಡ್ತಿದ್ದೆ. "ಇನ್ಯಾವ ರೇಟಿಗೆ ಕಾಯ್ತಿದ್ದೀಯ ಮಾರಾಯ? ಹೋಗುವಾಗ ಕಟ್ಕೊಂಡು ಹೋಗ್ತೀಯಾ?" ಅಂತ ನನ್ನ ಷಡ್ಡಕ ಮದುವೆ ಊಟದ ಪಂಕ್ತಿಯಲ್ಲಿ ಎಲ್ಲರ ಎದುರೇ ಕೇಳಿದ. 2025ರ ಅಕ್ಟೋಬರ್‌ನಲ್ಲಿ ಬಿಎಂಡಬ್ಲ್ಯು ಎಕ್ಸ್1 ಡೀಸೆಲ್ ಮನೆಗೆ ಬಂತು. ಕಾರಿನ ಮೇಲೆ ಒಂದು ರೂಪಾಯಿ ಸಾಲ ಇಲ್ಲ, ಬೆಳೆ ಸಾಲದ ಖಾತೆಗೆ ಕೈ ಹಾಕಿಲ್ಲ. ಈಗ ಅದೇ ಷಡ್ಡಕ ನನ್ನ ಲೆಕ್ಕದ ಪುಸ್ತಕ ಕೇಳ್ತಿದ್ದಾನೆ. ಅವನಿಗೊಬ್ಬನಿಗೇ ಯಾಕೆ, ಎಲ್ಲರಿಗೂ ಬರೆದುಬಿಡೋಣ.

ತೋಟ ಸುಮಾರು ಮೂವತ್ತು ಎಕರೆ, ಹೆಚ್ಚುಕಮ್ಮಿ ಎಲ್ಲ ರೋಬಸ್ಟಾ ಕಾಫಿ. ನೆರಳಿನ ಸಿಲ್ವರ್ ಮರಗಳ ಮೇಲೆ ಕರಿಮೆಣಸಿನ ಬಳ್ಳಿ. ಒಳ್ಳೆ ಹೂಮಳೆ ಬಿದ್ದರೆ, ಬೀಳದಿದ್ದರೆ ಸ್ಪ್ರಿಂಕ್ಲರ್ ಹೊಡೆದರೆ, ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು, ಐದುನೂರು ಮೂಟೆ ಆಸುಪಾಸು. ಮೆಣಸು ಮೂರು ಟನ್ ಅಂದ್ಕೊಳ್ಳಿ.

ಕಾರಿನ ವಿಷಯಕ್ಕೆ ಪೇಟೆಯವರು ಹೇಳೋ ಸೂತ್ರಗಳೆಲ್ಲ ಸಂಬಳದವರದ್ದು. ಇಷ್ಟು ಪಾಲು ಮುಂಗಡ ಕಟ್ಟು, ಇಷ್ಟು ವರ್ಷದಲ್ಲಿ ಸಾಲ ತೀರಿಸು, ತಿಂಗಳ ಆದಾಯದಲ್ಲಿ ಇಷ್ಟೇ ಭಾಗ ಕಂತಿಗೆ ಹೋಗಲಿ. ನಮಗೆ ತಿಂಗಳ ಆದಾಯ ಅನ್ನೋದು ಎಲ್ಲಿದೆ? ಆದರೂ ಪರೀಕ್ಷೆ ಮಾಡದೆ ಬಿಡಬಾರದು ಅಂತ ಒಂದು ವರ್ಷ ಸುಳ್ಳು ಕಂತು ಕಟ್ಟಿ ನೋಡಿದೆ. ಕಾರು ಇಲ್ಲ, ಸಾಲ ಇಲ್ಲ, ಆದರೆ ಪ್ರತಿ ತಿಂಗಳು ಐದನೇ ತಾರೀಖು ತೊಂಬತ್ತು ಸಾವಿರ ಬೇರೆ ಖಾತೆಗೆ. ಏಪ್ರಿಲ್, ಮೇ ಆರಾಮ. ಜೂನ್‌ನಲ್ಲಿ ಮರಗಸಿ (ನೆರಳಿನ ಮರದ ಕೊಂಬೆ ಕಡಿಯೋದು) ಕೂಲಿ, ಬೋರ್ಡೋ ದ್ರಾವಣ, ಗೊಬ್ಬರ ಒಟ್ಟಿಗೆ ಬಂತು. ಆಗಸ್ಟ್‌ನಲ್ಲಿ ಮಳೆ ಹಿಡಿದು ಕೊಳೆ ರೋಗ ಶುರುವಾದಾಗ ತೋಟದ ಲೆಕ್ಕ ಬರೆಯೋ ನಮ್ಮ ರೈಟರ್ ವಾರದ ಬಟವಾಡೆಗೆ ದುಡ್ಡು ಕೇಳೋಕೆ ಬಂದು ನಿಂತ, ನಾನು ಸುಳ್ಳು ಕಂತಿನ ಖಾತೆಯಿಂದಲೇ ತೆಗೆದು ಕೊಟ್ಟೆ. ನಿಜವಾದ ಕಂತಾಗಿದ್ದರೆ ಬ್ಯಾಂಕಿನವರು ಕೊಡ್ತಿದ್ದರಾ? ಕಂತಿನ ದಾರಿ ಅಲ್ಲಿಗೆ ಮುಗಿಯಿತು.

ಹಿರಿಯರ ಕತೆಯೂ ತಲೆಯಲ್ಲಿತ್ತು. 1994ರಲ್ಲಿ ಬ್ರೆಜಿಲ್‌ನಲ್ಲಿ ಮಂಜು ಹೆಪ್ಪುಗಟ್ಟಿ ಗಿಡ ಸುಟ್ಟು ಕಾಫಿ ರೇಟು ಏರಿತಲ್ಲ, ಬೆಳೆಯನ್ನ ಕಾಫಿ ಬೋರ್ಡೇ ತಗೊಂಡು ಕಂತಿನಲ್ಲಿ ದುಡ್ಡು ಕೊಡ್ತಿದ್ದ ಪೂಲ್ ಪದ್ಧತಿಯ ಹಿಡಿತವೂ ಸಡಿಲವಾಗ್ತಿದ್ದ ಕಾಲ. ಕಂತಿನಲ್ಲಿ ದುಡ್ಡು ನೋಡಿದ್ದವರ ಕೈಗೆ ಇಡೀ ಗಂಟು ಒಮ್ಮೆಲೇ ಬಂತು. ಎಸ್ಟೀಮ್ ಬಂದವು, ಸಿಯೆಲೊ ಬಂದವು. 2000 ದಾಟಿದ ಮೇಲೆ ರೇಟು ನೆಲ ಕಚ್ಚಿದಾಗ ಅದೇ ಕಾರುಗಳು ಶೆಡ್‌ನಲ್ಲಿ ಟಾರ್ಪಾಲ್ ಹೊದ್ದು ನಿಂತಿದ್ದನ್ನ ನಾನೇ ಕಣ್ಣಾರೆ ನೋಡಿದ್ದೇನೆ. ಕಾರು ಕೊಂಡದ್ದು ಅವರನ್ನ ಕೆಡಿಸಲಿಲ್ಲ ಅನ್ನೋದು ನನ್ನ ವಾದ. ಒಳ್ಳೆ ವರ್ಷದ ರೇಟೇ ಖಾಯಂ ಅಂತ ತೋಟದ ಖರ್ಚು, ಮನೆ ಖರ್ಚು ಎರಡನ್ನೂ ಅದಕ್ಕೆ ಹೊಂದಿಸಿಕೊಂಡದ್ದು ಕೆಡಿಸಿತು.

ಹಾಗಾಗಿ ನಾನು ಮಾಡಿದ್ದು ಇಷ್ಟು. 2019-20ರಲ್ಲಿ ರೋಬಸ್ಟಾ ಚೆರಿ ಮೂಟೆಗೆ ಮೂರೂವರೆ ಸಾವಿರದ ಆಸುಪಾಸು ಇತ್ತು, ಮೆಣಸು ಕೆಜಿಗೆ ಮುನ್ನೂರು. ಅದು ನಾವೆಲ್ಲ ಕಂಡ ಕೆಟ್ಟ ಕಾಲ, ಚಾರ್ಮಾಡಿ ಘಾಟಿ ಕುಸಿದು ರಸ್ತೆ ಮುಚ್ಚಿದ ವರ್ಷ. ಮಾರುಕಟ್ಟೆಯಲ್ಲಿ ಏನೇ ಇರಲಿ, ಆ ರೇಟಿಗೇ ಮಾರಿದ್ದೇನೆ ಅಂತ ಪುಸ್ತಕದಲ್ಲಿ ಬರ್ಕೊಂಡೆ. ಮನೆಗೂ ತೋಟಕ್ಕೂ ಅಷ್ಟೇ. ಅದರ ಮೇಲೆ ಬಂದದ್ದೆಲ್ಲ ಬೇರೆ ಬ್ಯಾಂಕಿನ ಬೇರೆ ಖಾತೆಗೆ, ಅಲ್ಲಿಂದ ಎಫ್‌ಡಿಗೆ. ಕೂಲಿ, ಗೊಬ್ಬರ ಏರಿದ ಹಾಗೆ ವರ್ಷಕ್ಕೆ ಮೂಟೆಗೆ ಇನ್ನೂರು ಮುನ್ನೂರು ಏರಿಸಿಕೊಂಡೆ, ಅದಕ್ಕಿಂತ ಜಾಸ್ತಿ ಇಲ್ಲ. ಗೋಡೌನ್‌ನಲ್ಲಿ ಇರೋ ಕಾಫಿ, ರೇಟು ಆಮೇಲೆ ಗೊತ್ತುಮಾಡೋಣ ಅಂತ ವ್ಯಾಪಾರಿ ಹತ್ತಿರ ಹಾಕಿಟ್ಟ ಕಾಫಿ, ಎರಡನ್ನೂ ಲೆಕ್ಕಕ್ಕೆ ಹಿಡಿಯಲಿಲ್ಲ. ಹಾಕಿಟ್ಟ ಕಾಫಿಯ ದುಡ್ಡು ಮುಳುಗಿದವರು ನಮ್ಮಲ್ಲಿ ಕಡಿಮೆ ಇಲ್ಲ.

ಮೊದಲ ಎರಡು ವರ್ಷ ಆ ಖಾತೆಗೆ ಏನೂ ಬೀಳಲಿಲ್ಲ, ಮನೆಯವಳು ಪಾಸ್‌ಬುಕ್ ತೆಗೆದು ನೋಡಿ "ರೀ, ಇದರಲ್ಲಿ ಕಾರಿನ ವೈಪರ್ ಬರುತ್ತೆ ನೋಡಿ" ಅಂದಳು. 2022-23ರಲ್ಲಿ ಏಳೆಂಟು ಲಕ್ಷ. ಆಮೇಲೆ ವಿಯೆಟ್ನಾಂನಲ್ಲಿ ಬರ, ಬ್ರೆಜಿಲ್‌ನಲ್ಲಿ ಬರ, ನಮಗೆ ರೇಟು. ಮುಂದಿನ ಎರಡು ಕೊಯ್ಲಿನಲ್ಲಿ ಮೆಣಸಿನ ಮೇಲುಹಣವೂ ಸೇರಿ ಎಂಬತ್ತು ಲಕ್ಷದ ಹತ್ತಿರ ನಿಂತಿತು.

ಎಷ್ಟಾದರೆ ಕೊಳ್ಳಬಹುದು? ನಾನು ಹಾಕಿಕೊಂಡ ಗೆರೆ: ಕಾರಿನ ಆನ್ ರೋಡ್ ಬೆಲೆ, ಜೊತೆಗೆ ಒಂದು ಇಡೀ ವರ್ಷದ ತೋಟದ ಖರ್ಚು. ಎಕರೆಗೆ ಅರವತ್ತು ಸಾವಿರದಂತೆ ಹದಿನೆಂಟು ಲಕ್ಷ. ಎಕ್ಸ್ ಶೋರೂಂ ಬೆಲೆ ನೋಡಿ ಖುಷಿಪಡೋರು ಕರ್ನಾಟಕದ ತೆರಿಗೆ ಮರೆತಿರ್ತಾರೆ. ಇಪ್ಪತ್ತು ಲಕ್ಷ ಮೀರಿದ ಕಾರಿಗೆ ಜೀವಾವಧಿ ತೆರಿಗೆ ಶೇ 18, ಆ ತೆರಿಗೆಯ ಮೇಲೆ ಸೆಸ್, ಸೇರಿ ಶೇ 20ರ ಹತ್ತಿರ. ಐವತ್ತು ಲಕ್ಷದ ಗಾಡಿಗೆ ಹತ್ತು ಲಕ್ಷ ನಂಬರ್ ಪ್ಲೇಟ್ ಹಾಕೋ ಮುಂಚೆಯೇ ಹೋಯ್ತು. ಇನ್ಶೂರೆನ್ಸ್ ಲೆಕ್ಕದಲ್ಲಿ ಒಂದು ವರ್ಷ ದಾಟಿದ ಕಾರಿಗೆ ಶೇ 20 ಸವಕಳಿ, ಐದನೇ ವರ್ಷದಲ್ಲಿ ಶೇ 50. ಅಂದರೆ ಈ ದುಡ್ಡು ವಾಪಸ್ ಬರೋದಲ್ಲ. "ಕಂಪನಿ ಹೆಸರಲ್ಲಿ ತಗೋ, ಸವಕಳಿ ತೋರಿಸಿ ತೆರಿಗೆ ಉಳಿಸು" ಅಂತ ಬೆಂಗಳೂರಿನ ಭಾವ ಹೇಳಿದರು. ಕ್ಯೂರಿಂಗ್ (ಸಿಪ್ಪೆ ಬಿಡಿಸಿ ಬೀಜ ಹದ ಮಾಡೋದು) ಮಾಡಿಸದೆ ಚೆರಿ ಮಾರೋ ಬೆಳೆಗಾರನ ಕಾಫಿ ದುಡ್ಡಿಗೆ ಆದಾಯ ತೆರಿಗೆಯೇ ಇಲ್ಲ ಭಾವ, ಉಳಿಸೋದು ಏನನ್ನ ಅಂದೆ.

ಇಷ್ಟಕ್ಕೇ ಮುಗಿಯಲಿಲ್ಲ. ಕೊಳ್ಳೋದು ಒಂದು ಸಲ, ಸಾಕೋದು ಪ್ರತಿ ವರ್ಷ. ಡೀಸೆಲ್ ಬಿಟ್ಟು (ಅದನ್ನ ಬೊಲೆರೊ ಕೂಡ ಕುಡೀತಿತ್ತು) ಇನ್ಶೂರೆನ್ಸ್, ಸರ್ವೀಸ್, ಟೈರಿಗೆ ಅಂತ ಎತ್ತಿಡೋದು ಸೇರಿ ವರ್ಷಕ್ಕೆ ಎರಡೂಕಾಲು ಎರಡೂವರೆ ಲಕ್ಷ. ಮುನ್ನೂರು ರೂಪಾಯಿ ಮೆಣಸಿನ ರೇಟಿಗೆ ಅದು ಎಂಟು ಕ್ವಿಂಟಲ್. ಬಳ್ಳಿಗೆ ಎರಡು ಕೆಜಿ ಒಣಗಿದ ಕರಿಮೆಣಸು ಅಂದರೆ ನಾನೂರು ಬಳ್ಳಿ. ಹಳ್ಳದ ಮೇಲಿನ ಪಟ್ಟಿಯಲ್ಲಿ ನಾನೂರು ಸಿಲ್ವರ್ ಮರಕ್ಕೆ ಎದೆಮಟ್ಟಕ್ಕೆ ಕೆಂಪು ಬಣ್ಣ ಬಳಿಸಿದೆ. ಆ ಮೆಣಸು ಬೇರೆ ಕೊಯ್ದು, ಬೇರೆ ಒಣಗಿಸಿ, ಬೇರೆ ತೂಕ. ಆಳುಗಳಿಗೆ ಅದು "ಕಾರಿನ ಮೆಣಸು" ಆಯ್ತು. ಎರಡು ವರ್ಷ ಸತತ ಎಂಟು ಕ್ವಿಂಟಲ್ ತೂಗಿದರೆ ಮಾತ್ರ ಕಾರು ಅಂತ ಷರತ್ತು.

ಇಲ್ಲೇ ಹೆಚ್ಚು ಕಾದದ್ದು. ಮೊದಲ ವರ್ಷ ಐದು ಕ್ವಿಂಟಲ್ ಚಿಲ್ಲರೆ. ಸೊರಗು ರೋಗ ಬಂದು ಕೆಳಸಾಲಿನ ಬಳ್ಳಿ ಮಳೆಗಾಲ ಮುಗಿಯೋ ಹೊತ್ತಿಗೆ ಹಳದಿ ತಿರುಗಿ ಗೆಣ್ಣು ಗೆಣ್ಣಾಗಿ ಉದುರಿದವು. ಬುಡದಲ್ಲಿ ನೀರು ನಿಲ್ಲದ ಹಾಗೆ ಬಸಿಗಾಲುವೆ ತೆಗೆಸಿದೆ, ರೋಗ ತಡೆಯೋ ಶಿಲೀಂಧ್ರ ಟ್ರೈಕೋಡರ್ಮಾವನ್ನ ಗೊಬ್ಬರಕ್ಕೆ ಬೆರೆಸಿ ಹಾಕಿಸಿದೆ, ಸತ್ತ ಜಾಗಕ್ಕೆ ಹೊಸ ಬಳ್ಳಿ ಹಬ್ಬಿಸೋ ಬದಲು ಮೇಲಿನ ಸಾಲಿಗೆ ಬಣ್ಣ ವಿಸ್ತರಿಸಿದೆ. (ಮೇಲಿನ ಸಾಲಿಗೆ ಇನ್ನೊಂದು ಉಪಚಾರ ಮಾಡಿದ್ದೇನೆ. ಅದು ನನ್ನ ಹತ್ತಿರವೇ ಇರಲಿ.) ಎರಡನೇ ವರ್ಷ ಏಳು. ಆಮೇಲಿನ ಎರಡು ವರ್ಷ ಒಂಬತ್ತು ದಾಟಿತು. ಕಾರಿನ ಆಸೆಯಿಂದ ಮೆಣಸು ಸುಧಾರಿಸಿದ್ದು ನನ್ನ ಲೆಕ್ಕದಲ್ಲಿ ಕಾರಿಗಿಂತ ದೊಡ್ಡ ಲಾಭ.

ನಡುವೆ ಹಳೇ ಗಾಡಿಯನ್ನೂ ನೋಡಿದೆ. ನಾಲ್ಕೈದು ವರ್ಷ ಓಡಿದ ಜರ್ಮನ್ ಸೆಡಾನ್, ಇಪ್ಪತ್ತನಾಲ್ಕು ಲಕ್ಷ ಹೇಳಿದರು. ಪರಿಚಯದ ಮೆಕ್ಯಾನಿಕ್ ಕೆಳಗೆ ನುಗ್ಗಿ ಟಾರ್ಚ್ ಹಾಕಿ ನೋಡಿ "ಅಣ್ಣ, ಸಸ್ಪೆನ್ಶನ್ ಒಂದಕ್ಕೇ ಲಕ್ಷ ದಾಟುತ್ತೆ" ಅಂದ. ಬೆಲೆ ಅರ್ಧಕ್ಕೆ ಇಳಿದರೂ ಬಿಡಿಭಾಗದ ಬೆಲೆ ಇಳಿಯಲ್ಲ. ನನ್ನ ನಾನೂರು ಬಳ್ಳಿ ಅದನ್ನ ತಡ್ಕೊಳ್ಳೋದಿಲ್ಲ ಅಂತ ಬಿಟ್ಟೆ.

ಇನ್ನೊಂದು ಪ್ರಯೋಗ ಎಲ್ಲರೂ ಮಾಡಲೇಬೇಕು. ಎಕ್ಸ್1 ಅನ್ನೇ ಬೆಂಗಳೂರಿನಲ್ಲಿ ಬಾಡಿಗೆಗೆ ಹಿಡಿದು ಹಾಸನ, ಬೇಲೂರು ಮೇಲೆ ತೋಟದವರೆಗೆ ತಂದೆ. ಬೇಲೂರಿನವರೆಗೆ ಸ್ವರ್ಗ. ಟಾರ್ ರಸ್ತೆ ಬಿಟ್ಟು ತೋಟಕ್ಕೆ ಒಂದೂವರೆ ಕಿಲೋಮೀಟರ್ ಇದೆ, ಅದರಲ್ಲಿ ಒಂದು ಅಡ್ಡಚರಂಡಿ. ಅಲ್ಲಿ ಹೊಟ್ಟೆ ಕೆರೆದ ಶಬ್ದ ಕೇಳಿ ಹಲ್ಲು ಕಚ್ಚಿಕೊಂಡೆ. ಚರಂಡಿಗೆ ಸಿಮೆಂಟಿನ ಹ್ಯೂಮ್ ಪೈಪ್, ಏರಿನಲ್ಲಿ ಚಕ್ರ ಓಡೋ ಎರಡು ಪಟ್ಟಿ ಕಾಂಕ್ರೀಟ್, ಒಟ್ಟು ಎರಡು ಲಕ್ಷದ ಒಳಗೆ. ಅದನ್ನೂ ಕಾರಿನ ಬೆಲೆಗೇ ಸೇರಿಸಿ ಬರೆದೆ. ಕೊಯ್ಲಿನಲ್ಲಿ ಪಿಕಪ್ ಜಾರೋದೂ ನಿಂತಿತು.

2025ರ ಬೇಸಿಗೆಯಲ್ಲೇ ಎರಡೂ ಷರತ್ತು ಹತ್ತಿರ ಹತ್ತಿರ ಮುಗಿದಿತ್ತು. ಖಾತೆಯಲ್ಲಿ ಎರಡು ಮೂರು ಲಕ್ಷ ಕಮ್ಮಿ. ಅಷ್ಟಕ್ಕೆ ಯಾರು ನಿಲ್ತಾರೆ ಅಂತ ಎಲ್ಲರೂ ಬೈದರು. ನಿಂತೆ. ಸೆಪ್ಟೆಂಬರ್ 22ರಿಂದ ದೊಡ್ಡ ಕಾರಿನ ಜಿಎಸ್‌ಟಿ ಬದಲಾಯ್ತು. ಶೇ 28ರ ಜೊತೆಗೆ ಸೆಸ್ ಸೇರಿ ಐವತ್ತರ ಆಸುಪಾಸು ಇದ್ದದ್ದು ಒಟ್ಟು ಶೇ 40ಕ್ಕೆ ಬಂತು. ಎಕ್ಸ್ ಶೋರೂಂ ಇಳಿದರೆ ಅದರ ಮೇಲಿನ ರಸ್ತೆ ತೆರಿಗೆಯೂ ಇಳಿಯುತ್ತಲ್ಲ, ನನಗೆ ಮೂರು ಲಕ್ಷದ ಮೇಲೆ ಉಳಿಯಿತು. ಗೆರೆ ಅಲ್ಲಿಗೆ ಮುಟ್ಟಿತು. ಶೋರೂಮಿನವರ ಹತ್ತಿರ ಇನ್ನೆಷ್ಟು ಬಿಡಿಸಿಕೊಂಡೆ, ತಿಂಗಳ ಯಾವ ವಾರ ಹೋದೆ ಅನ್ನೋದನ್ನ ಬರೆಯೋದಿಲ್ಲ. ನಮ್ಮೂರಿನಿಂದ ಇನ್ನೂ ಮೂವರು ಅಲ್ಲಿಗೇ ಹೋಗೋರಿದ್ದಾರೆ.

ಎಲ್ಲ ಸೇರಿ ಅರವತ್ತರ ಮೇಲೆ ಚಿಲ್ಲರೆ. ಖಾತೆಯಲ್ಲಿ ಹದಿನೆಂಟು ಲಕ್ಷ ಹಾಗೇ ಇದೆ, ಅದು ತೋಟದ್ದು. ಹತ್ತಿರದಲ್ಲಿ ಸರ್ವೀಸ್ ಇಲ್ಲ, ಮಂಗಳೂರಿಗೆ ಘಾಟಿ ಇಳಿಯಬೇಕು, ಇಡೀ ದಿನ ಹೋಗುತ್ತೆ. ಆ ದಿನವೇ ಪಂಪ್‌ಸೆಟ್ ಸಾಮಾನು, ಮನೆಗೆ ಮೀನು ತರೋದು ಅಂತ ಇಟ್ಕೊಂಡಿದ್ದೇವೆ. ಈ ಸಲ ಪುಸ್ತಕದ ರೇಟನ್ನ ಮೂಟೆಗೆ ಐದು ಸಾವಿರ ಅಂತ ಬರೆದಿದ್ದೇನೆ. ಷಡ್ಡಕ ಏಳು ಸಾವಿರ ಹಿಡಿದು ಲೆಕ್ಕ ಮಾಡಿಕೊಂಡು ಬಂದಿದ್ದ, ಅವನ ತೋಟದಲ್ಲಿ ಯಾವ ನಾನೂರು ಮರಕ್ಕೆ ಬಣ್ಣ ಬಳಿಯೋದು ಅಂತ ತೋರಿಸು, ಆಮೇಲೆ ಮಾತಾಡೋಣ ಅಂದಿದ್ದೇನೆ.