ನೂರು ದಿನಾರಿಯ ಲೆಕ್ಕ

ತಮ್ಮನ ಮೇಲಿನ ಸಿಟ್ಟನ್ನು ಆರು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದೆ. ನನ್ನಿಂದ ಪಡೆದ ಸಾಲವನ್ನು ಅವನು ಹಿಂದಿರುಗಿಸಲಿಲ್ಲ, ಅದು ಒಂದು. ಅಪ್ಪ ಹಾಸಿಗೆ ಹಿಡಿದಿದ್ದಾಗ ‘ಅಕ್ಕ ಆಸ್ತಿಗಾಗಿ ಚಾಕರಿ ಮಾಡುತ್ತಿದ್ದಾಳೆ’ ಎಂದು ಎಲ್ಲರೆದುರು ಹೇಳಿದ, ಅದು ಇನ್ನೊಂದು. ಹಣದ ನೋವು ಕ್ರಮೇಣ ಆರಿತು. ಮಾತಿನದು ಆರಲಿಲ್ಲ. ಡೈರಿಯ ಕೊನೆಯ ಪುಟದಲ್ಲಿ ಮೊತ್ತ, ದಿನಾಂಕ, ಅವನ ಮಾತು ಎಲ್ಲವನ್ನೂ ಬರೆದಿಟ್ಟಿದ್ದೆ. ಅದನ್ನು ಬರೆದ ಕೈಯನ್ನೇ ಚರ್ಚಿನಲ್ಲಿ ಯೇಸುವಿನ ನೆನಪಿಗೆ ಹಂಚುವ ಕರ್ತನ ಭೋಜನದ ರೊಟ್ಟಿಗೂ ಚಾಚುತ್ತಿದ್ದೆ.

ಕ್ಷಮಿಸುವ ಪ್ರಯತ್ನ ಮಾಡಿರಲಿಲ್ಲ ಎಂದಲ್ಲ. ಒಮ್ಮೆ ಚರ್ಚಿನಲ್ಲಿ ಪ್ರಸಂಗ ಕೇಳಿ ಮನೆಗೆ ಬಂದವಳೇ ಫೋನ್ ಮಾಡಿ, ‘ನಿನ್ನನ್ನು ಕ್ಷಮಿಸಿದ್ದೇನೆ’ ಎಂದೆ. ‘ನಾನು ಕೇಳಿದ್ದೆನೇ ಅಕ್ಕಾ?’ ಎಂದು ಅವನು ಫೋನ್ ಇಟ್ಟುಬಿಟ್ಟ. ಆಗ ಸಿಟ್ಟು ಎರಡರಷ್ಟಾಯಿತು. ಈಗ ಯೋಚಿಸಿದರೆ ಅವನು ಹೇಳಿದ್ದು ಸರಿ. ನಾನು ಎತ್ತರದಲ್ಲಿ ನಿಂತು ಭಿಕ್ಷೆ ಎಸೆದಂತೆ ಮಾತನಾಡಿದ್ದೆ.

ನನ್ನನ್ನು ಅಲ್ಲಾಡಿಸಿದ್ದು ಬೈಬಲಿನ ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯ. ಅರಸನಿಗೆ ಹತ್ತು ಸಾವಿರ ತಲಾಂತು ಕೊಡಬೇಕಿದ್ದ ಆಳು ಬಿಡುಗಡೆ ಪಡೆದು ಹೊರಗೆ ಬರುತ್ತಾನೆ. ತನಗೆ ನೂರು ದಿನಾರಿ ಕೊಡಬೇಕಿದ್ದ ಜೊತೆ ಆಳಿನ ಕುತ್ತಿಗೆ ಹಿಡಿಯುತ್ತಾನೆ. ಯೇಸು ಹೇಳಿದ, ನಾನು ಬಾಲ್ಯದಿಂದ ಕೇಳಿದ ಕಥೆ. ಒಂದು ರಾತ್ರಿ ಮಾತ್ರ ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದೆ. ದಿನಾರಿ ಎಂದರೆ ಒಂದು ದಿನದ ಕೂಲಿ. ಒಂದು ತಲಾಂತು ಸುಮಾರು 6,000 ದಿನಾರಿ. ಅಂದರೆ ಆಳಿನ ಸಾಲ 6 ಕೋಟಿ ದಿನಗಳ ಕೂಲಿ. ವರ್ಷಕ್ಕೆ 300 ದಿನ ದುಡಿದರೂ ತೀರಿಸಲು 2 ಲಕ್ಷ ವರ್ಷ ಬೇಕು. ‘ಸ್ವಲ್ಪ ತಾಳಿಕೋ, ಎಲ್ಲವನ್ನೂ ಸಲ್ಲಿಸುತ್ತೇನೆ’ ಎಂದು ಅವನು ಬೇಡಿಕೊಂಡದ್ದು ನೆನೆದು ಎದೆ ಭಾರವಾಯಿತು. ದೇವರ ಮುಂದೆ ನಾನೂ ಎಷ್ಟೋ ಸಾರಿ ಅದನ್ನೇ ಹೇಳಿದ್ದೆ. ಅರಸನು ಅವನಿಗೆ ವಾಯಿದೆ ಕೊಡಲಿಲ್ಲ, ಸಾಲವನ್ನೇ ಬಿಟ್ಟುಬಿಟ್ಟನು.

ಇನ್ನೊಂದು ಮಾತು ಇದೆ, ಅದನ್ನು ಬೋಧಕರು ಸಾಮಾನ್ಯವಾಗಿ ದಾಟಿ ಹೋಗುತ್ತಾರೆ. ನೂರು ದಿನಾರಿಯೂ ಸಣ್ಣ ಮೊತ್ತವಲ್ಲ, ಮೂರು ತಿಂಗಳು ಮೀರಿದ ದುಡಿಮೆ. ನಿನಗಾದ ನಷ್ಟ ಏನೂ ಅಲ್ಲ ಎಂದು ಯೇಸು ಹೇಳಲಿಲ್ಲ. ತಮ್ಮ ಮಾಡಿದ್ದು ತಪ್ಪೇ ಎಂದು ಒಪ್ಪಿಕೊಂಡ ಮೇಲೆಯೇ ಅದನ್ನು ಬಿಡಲು ನನಗೆ ಸಾಧ್ಯವಾಯಿತು.

ಡೈರಿಯ ಎದುರು ಪುಟದಲ್ಲಿ ನನ್ನ ಸಾಲಗಳನ್ನು ಬರೆಯತೊಡಗಿದೆ. ಮೂರು ಸಂಜೆ ಹಿಡಿಯಿತು. ಎರಡನೆಯ ಸಂಜೆ ನೆನಪಾದದ್ದು: ತಮ್ಮ ಕೆಲಸ ಕಳೆದುಕೊಂಡು ಬಂದಿದ್ದಾಗ ‘ನಿನ್ನ ಕೈಯಲ್ಲಿ ಏನೂ ಆಗುವುದಿಲ್ಲ’ ಎಂದು ನಾನು ಅಂದಿದ್ದೆ. ಅದನ್ನು ಸಂಪೂರ್ಣ ಮರೆತಿದ್ದೆ. ಅವನು ಮರೆತಿರಲಾರ. ಪೆನ್ಸಿಲ್ ಕೆಳಗಿಟ್ಟು ಅತ್ತೆ. ‘ಕರ್ತನೇ, ನನ್ನಿಂದ ತೀರದು’ ಎಂದಷ್ಟೇ ಪ್ರಾರ್ಥಿಸಿದೆ. ಕೃಪೆಯನ್ನು ಹೊಂದುವುದೆಂದರೆ ಏನೆಂದು ನನಗೆ ತಿಳಿದದ್ದು ಅಂದು.

ಬೈಬಲಿನಲ್ಲಿರುವ, ಎಫೆಸದವರಿಗೆ ಬರೆದ ಪತ್ರದ 4:32ರಲ್ಲಿ ಕ್ಷಮೆಗೆ ಅಪೊಸ್ತಲ ಪೌಲನು ಬಳಸುವ ಗ್ರೀಕ್ ಕ್ರಿಯಾಪದ ‘ಖಾರಿಸ್’, ಅಂದರೆ ಕೃಪೆ, ಎಂಬ ಪದದಿಂದಲೇ ಹುಟ್ಟಿದ್ದು. ಉಚಿತವಾಗಿ ಕೊಟ್ಟುಬಿಡುವುದು ಎಂಬ ಭಾವ ಅದರಲ್ಲಿದೆ. ಕೊಟ್ಟುಬಿಟ್ಟ ಮೇಲೆ ಕೃತಜ್ಞತೆಯನ್ನು ಬಡ್ಡಿಯಂತೆ ಎದುರುನೋಡುವಂತಿಲ್ಲ. ನನ್ನ ಫೋನ್ ಕರೆ ಕೆಟ್ಟದ್ದು ಅಲ್ಲಿಯೇ.

ಒಂದು ವಾರದ ನಂತರ ಅವನ ಮನೆಗೆ ಹೋದೆ. ಅಂಗಳದಲ್ಲಿ ಮಗಳ ಸೈಕಲ್ಲಿನ ಚೈನು ಹಾಕುತ್ತಿದ್ದ, ಬೆರಳೆಲ್ಲ ಗ್ರೀಸು. ಕ್ಷಮಿಸಿದ್ದೇನೆ ಎಂಬ ಮಾತನ್ನು ಎತ್ತಲೇ ಇಲ್ಲ. ‘ಕೆಲಸ ಹೋಗಿದ್ದಾಗ ನಿನಗೆ ಆ ಮಾತು ಅಂದದ್ದು ನನ್ನ ತಪ್ಪು. ಮನ್ನಿಸಪ್ಪಾ’ ಎಂದೆ. ಅವನು ತಲೆ ಎತ್ತದೆ ಪೆಡಲನ್ನು ತಿರುಗಿಸುತ್ತಲೇ ಇದ್ದ. ಬಹಳ ಹೊತ್ತಿನ ಮೇಲೆ, ‘ಅಕ್ಕಾ, ಆ ದುಡ್ಡು…’ ಎಂದ. ‘ಅದು ಇನ್ನು ಸಾಲವಲ್ಲ’ ಎಂದೆ. ಅಪ್ಪನ ಹಾಸಿಗೆಯ ಬಳಿ ಆಡಿದ ಮಾತಿನ ಬಗ್ಗೆ ಅವನು ಅಂದೂ ಏನೂ ಹೇಳಲಿಲ್ಲ, ಇಂದಿಗೂ ಹೇಳಿಲ್ಲ.

ಕ್ಷಮೆ ಬೇರೆ, ನಂಬಿಕೆ ಬೇರೆ ಎಂಬುದನ್ನೂ ಇಲ್ಲಿ ಹೇಳಲೇಬೇಕು. ಮುಂದೆ ಅವನು ಹೊಸ ಸಾಲಕ್ಕೆ ಜಾಮೀನು ಕೇಳಿದಾಗ ಆಗುವುದಿಲ್ಲ ಎಂದೆ. ಅವನ ಮಗಳ ಶಾಲಾ ಶುಲ್ಕವನ್ನು ಮಾತ್ರ ನೇರವಾಗಿ ಕಟ್ಟಿದೆ, ಡೈರಿಯಲ್ಲಿ ಬರೆದುಕೊಳ್ಳಲಿಲ್ಲ. ಹಿಂಸೆ, ವಂಚನೆ ನಡೆಯುತ್ತಲೇ ಇರುವಾಗ ಬಾಗಿಲು ತೆರೆದಿಡಬೇಕೆಂದು ಕೃಪೆಯ ಹೆಸರಿನಲ್ಲಿ ಯಾರಾದರೂ ಹೇಳಿದರೆ ಅದನ್ನು ಒಪ್ಪಬೇಡಿ.

ಅಪ್ಪನ ಹಾಸಿಗೆಯ ಬಳಿ ತಮ್ಮ ಆಡಿದ ಆ ಮಾತು ಈಗಲೂ ಕೆಲವು ಬೆಳಗ್ಗೆ ತಲೆ ಎತ್ತುತ್ತದೆ. ಆಗ ಯೇಸು ಕಲಿಸಿದ ಕರ್ತನ ಪ್ರಾರ್ಥನೆಯನ್ನು ನಿಧಾನವಾಗಿ ಹೇಳುತ್ತೇನೆ. ‘ತಪ್ಪುಗಳನ್ನು ಕ್ಷಮಿಸು’ ಎನ್ನುವಲ್ಲಿ ಮತ್ತಾಯನ ಗ್ರೀಕ್ ಮೂಲದಲ್ಲಿರುವುದು ‘ಸಾಲಗಳು’ ಎಂಬ ಪದ. ಅಲ್ಲಿ ನಿಂತು ಮೊದಲು ನನ್ನ ಪುಟವನ್ನು, ಆಮೇಲೆ ಅವನ ಹೆಸರನ್ನು ನೆನೆಯುತ್ತೇನೆ. ಈ ತಿಂಗಳು ಎರಡು ಸಾರಿ ಹಾಗೆ ಮಾಡಬೇಕಾಯಿತು.